ಹಾಳುಗುಡಿಯ ನೆಲದ ಮೇಲೆ ಕಪ್ಪೆಕಾಲು

ಆನೆಗೊಂದಿ ಇರಲಿ, ಮುದಗಲ್ಲು ಇರಲಿ, ಕೊಪ್ಪಳದ ಕೋಟೆ ಇರಲಿ, ಜನ ಓಡಾಡದ ಹಾಳು ಮಂಟಪದ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೆಲ ನೋಡಿ. ಎಲ್ಲ ಕಡೆ ಧೂಳು, ಹಿಕ್ಕೆ. ಆದರೆ ಒಂದು ಕಂಬದ ಬುಡದಲ್ಲಿ ಮಾತ್ರ, ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ, ಒಣಗಿದ ಕಪ್ಪೆಕಾಲು, ಹಲ್ಲಿಯ ಬಾಲದ ತುಂಡು, ಮಿಡತೆ ರೆಕ್ಕೆ, ನಾಲ್ಕಾರು ಗುಬ್ಬಿ ಪುಕ್ಕ. ಕಂಡವರ ಬಾಯಲ್ಲಿ ಮೊದಲು ಬರುವ ಮಾತು, ‘ಯಾರೋ ಮಾಟ ಮಾಡ್ಯಾರ್ರಿ’. ನಿಂಬೆಹಣ್ಣಿಲ್ಲ, ಕುಂಕುಮವಿಲ್ಲ, ಇದೆಂಥಾ ಮಾಟ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅದು ಎಂಜಲು. ಆ ಕಂಬದ ಬೋದಿಗೆಗೆ, ಅಂದರೆ ಕಂಬದ ತಲೆಯ ಮೇಲಿನ ಚಾಚುಗಲ್ಲಿಗೆ, ರಾತ್ರಿ ಜೋತುಬಿದ್ದು ಊಟ ಮಾಡಿದ ಬಾವಲಿ ತನಗೆ ಬೇಡವಾದದ್ದನ್ನು ಕೆಳಗೆ ಉದುರಿಸಿ ಹೋಗಿದೆ.

ನಮ್ಮ ಕಡೆ ಜೋತಾಡುವುದೆಲ್ಲ ತೊಗಲಬಾವಲಿಯೇ. ಆಲದ ಮರದಲ್ಲಿ ಹಗಲೆಲ್ಲ ಕಿಚಕಿಚ ಅನ್ನುವ ದೊಡ್ಡ ಹಣ್ಣುಬಾವಲಿಗೂ, ಮುಸ್ಸಂಜೆಗೆ ಗೋಡೆಯ ಬಿರುಕಿನಿಂದ ಹೊರಡುವ ಹೆಬ್ಬೆರಳಿನಷ್ಟು ಹುಳಬಾವಲಿಗೂ ಅದೊಂದೇ ಹೆಸರು. ಕಪ್ಪೆ, ಹಲ್ಲಿ, ಇಲಿ, ಹಕ್ಕಿ ಹಿಡಿದು ತಿನ್ನುವ ಈ ಜಾತಿಯನ್ನು ಇಲ್ಲಿ ಬೇಟೆಬಾವಲಿ ಎಂದು ಕರೆಯುತ್ತೇನೆ. ಶಾಸ್ತ್ರೀಯ ಹೆಸರು ಮೆಗಾಡರ್ಮಾ ಲೈರಾ. 1810ರಲ್ಲಿ ಫ್ರಾನ್ಸಿನ ಜೆಫ್ರಾಯ್ ಇಟ್ಟ ಲೈರಾ ಎಂಬ ಭಾಗ ಉಳಿದಿದೆ, ಕುಲದ ಹೆಸರನ್ನು ಈಚೆಗೆ ಲೈರೋಡರ್ಮಾ ಎಂದು ಬರೆಯುವವರು ಹೆಚ್ಚುತ್ತಿದ್ದಾರೆ. ಇಂಗ್ಲಿಷಿನವರು ಕೊಟ್ಟ ಹೆಸರು ಗ್ರೇಟರ್ ಫಾಲ್ಸ್ ವ್ಯಾಂಪೈರ್ ಬ್ಯಾಟ್, ಅಂದರೆ ದೊಡ್ಡ ಹುಸಿ ರಕ್ತಪಿಪಾಸು ಬಾವಲಿ. ಈ ಹೆಸರಿನಿಂದ ಆದಷ್ಟು ಕೇಡು ಈ ಪ್ರಾಣಿಗೆ ಹದ್ದು ಗೂಬೆಗಳಿಂದಲೂ ಆಗಿರಲಿಕ್ಕಿಲ್ಲ. ರಕ್ತ ಕುಡಿದು ಬದುಕುವ ಬಾವಲಿಗಳು ಇಡೀ ಪ್ರಪಂಚದಲ್ಲಿ ಮೂರೇ ಜಾತಿ, ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಸೀಮೆಯವು. ಭಾರತದಲ್ಲಿ ಒಂದೂ ಇಲ್ಲ. ನಮ್ಮದು ಮಾಂಸ ತಿನ್ನುತ್ತದೆ, ಅಷ್ಟೇ.

ಗುರುತು ಹಿಡಿಯುವುದು ಕಷ್ಟವಲ್ಲ. ಮೈ 7ರಿಂದ 9 ಸೆಂ.ಮೀ., ತೂಕ 40ರಿಂದ 60 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯ ಭಾರ. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಮೊಳ. ಬೆನ್ನು ಇಲಿಬೂದು, ಹೊಟ್ಟೆ ಅದಕ್ಕಿಂತ ತಿಳಿ. ಮೊದಲು ಕಣ್ಣಿಗೆ ಬೀಳುವುದು ಕಿವಿ: ಮೊಲದ ಕಿವಿಯಂತೆ ನಿಗುರಿದವು, ಬುಡದಲ್ಲಿ ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡವು. ಪ್ರತಿ ಕಿವಿಯೊಳಗೂ ಎರಡು ಕವಲಾಗಿ ಸೀಳಿದ ಇನ್ನೊಂದು ಚಿಕ್ಕ ಎಸಳು. ಮೂಗಿನ ಮೇಲೆ ನೆಟ್ಟಗೆ ನಿಂತ ಚರ್ಮದ ಎಲೆ, ತುದಿ ಕತ್ತರಿಸಿದಂತೆ ಮೊಂಡು. ಬಾವಲಿಗಳ ಮಟ್ಟಿಗೆ ಕಣ್ಣು ದೊಡ್ಡವೇ. ಹೊರಗೆ ಕಾಣುವ ಬಾಲವಿಲ್ಲ, ಆದರೆ ಎರಡೂ ಕಾಲಿನ ನಡುವೆ ಅಗಲವಾದ ತೊಗಲು ಇದೆ. ಹಾಳು ಕಟ್ಟಡಗಳಲ್ಲಿ ಸಿಗುವ ಇನ್ನೊಂದು ಬಾವಲಿಗೆ ಇಲಿಯಂಥ ಉದ್ದ ಬಾಲ ಹೊರಗೇ ನೇತಾಡುತ್ತದೆ, ಅದು ಬರೀ ಹುಳ ತಿನ್ನುವ ಇಲಿಬಾಲದ ಬಾವಲಿ. ಬಾಲ ಇದೆಯೋ ಇಲ್ಲವೋ ನೋಡಿದರೆ ಇವೆರಡರ ಗೊಂದಲ ಮುಗಿಯಿತು.

ಬಾಯೊಳಗೂ ಒಂದು ವಿಶೇಷ. 28 ಹಲ್ಲುಗಳಲ್ಲಿ ಮೇಲ್ದವಡೆಯ ಮುಂದಿನ ಬಾಚಿಹಲ್ಲು ಒಂದೂ ಇಲ್ಲ. ಅಲ್ಲಿ ಬೋಳು, ಆಚೀಚೆ ಎರಡು ಕೋರೆ. ಬೇಟೆಯನ್ನು ಕಚ್ಚಿ ಹಿಡಿಯುವ ಕೆಲಸವೆಲ್ಲ ಕೋರೆಹಲ್ಲಿನದೇ.

ಈಗ ಬೇಟೆಯ ಮಾತು. ಹುಳಬಾವಲಿಗಳು ಆಕಾಶದಲ್ಲಿ ಹಾರುತ್ತ, ಜೋರಾಗಿ ಕೂಗಿ, ತಿರುಗಿ ಬಂದ ಸದ್ದಿನಿಂದ ಹುಳ ಹುಡುಕುತ್ತವೆ. ನಮಗದು ಕೇಳದಿರುವುದು ಅದರ ಶ್ರುತಿ ನಮ್ಮ ಕಿವಿಯ ಮಿತಿ ಮೀರಿ ಮೇಲಿರುವುದರಿಂದ, ಮೆಲ್ಲಗಿರುವುದರಿಂದಲ್ಲ. ಬೇಟೆಬಾವಲಿಯ ರೀತಿ ಬೇರೆ. ನೆಲದಿಂದ ಒಂದು ಮೀಟರಿನ ಆಸುಪಾಸಿನಲ್ಲೇ, ಪೊದೆ, ಬೇಲಿ, ಗೋಡೆ ಸವರಿಕೊಂಡು ಹಾರುತ್ತದೆ, ಇಲ್ಲವೇ ಒಂದು ಕಡೆ ಜೋತುಬಿದ್ದು ಕಾಯುತ್ತದೆ. ಇದರ ಕೂಗು ತೀರ ಪಿಸುದನಿ, ಒಂದೊಂದೂ ಮಿಲಿಸೆಕೆಂಡಿನ ಲೆಕ್ಕದ್ದು. ಅದರ ನಿಜವಾದ ಸಾಧನ ಕಿವಿ. ಒಣಗಿದ ಎಲೆಯ ಮೇಲೆ ಇಲಿಯ ಹೆಜ್ಜೆ, ಕಪ್ಪೆ ಕುಪ್ಪಳಿಸಿ ಬಿದ್ದ ‘ತಪ್’ ಸದ್ದು, ಗೋಡೆಯ ಮೇಲೆ ಜಿರಳೆಯ ಕಾಲಿನ ಕೆರೆತ, ಇಷ್ಟು ಸಾಕು.

ಇದನ್ನು ಮದುರೈ ಕಾಮರಾಜ ವಿಶ್ವವಿದ್ಯಾಲಯದ ಜಿ. ಮಾರಿಮುತ್ತು ಮತ್ತು ಜರ್ಮನಿಯ ಗೆರ್ಹಾರ್ಡ್ ನಾಯ್‌ವೈಲರ್ ಸೇರಿ ಪರೀಕ್ಷೆ ಮಾಡಿ 1987ರಲ್ಲಿ ಪ್ರಕಟಿಸಿದರು. ಉಪಾಯ ಸರಳ. ಅಲುಗದೆ ಕೂತ ಕಪ್ಪೆಯನ್ನು ಬಾವಲಿ ಗಮನಿಸಲಿಲ್ಲ. ಸತ್ತ ಕಪ್ಪೆಗೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಎರಗಿತು. ಅದೇ ಸತ್ತ ಕಪ್ಪೆಯನ್ನು ನೀರು ಹರಡಿದ ಗಾಜಿನ ಮೇಲೆ ಸದ್ದಾಗದಂತೆ ಎಳೆದರೆ ಇಲ್ಲ. ಚಲನೆ ಎರಡರಲ್ಲೂ ಇತ್ತು, ಸದ್ದು ಒಂದರಲ್ಲಿ ಮಾತ್ರ. ಹಾಗಂತ ಪಿಸುದನಿ ಬರೀ ದಾರಿ ನೋಡುವುದಕ್ಕಷ್ಟೇ ಎಂದು ತೀರ್ಮಾನಿಸಿದವರ ಮಾತೂ ಪೂರ್ತಿ ನಿಲ್ಲಲಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ಕೆಲಸ, ಸದ್ದಿಲ್ಲದ ಬೇಟೆಯನ್ನೂ ಇದು ಪ್ರತಿಧ್ವನಿಯಿಂದಲೇ ನೆಲದ ಮೇಲೆ ಪತ್ತೆ ಹಚ್ಚಬಲ್ಲದು ಎಂದು ತೋರಿಸಿತು. ಕಿವಿ ಮೊದಲು, ಕೂಗು ಬೇಕಾದಾಗ.

ಪಿಸುದನಿಯಿಂದ ನಮಗಾಗುವ ತೊಂದರೆಯೊಂದಿದೆ. ಬಾವಲಿಯ ಕೂಗನ್ನು ನಮಗೆ ಕೇಳಿಸುವ ಡಿಟೆಕ್ಟರ್ ಹಿಡಿದು ಸಮೀಕ್ಷೆಗೆ ಹೊರಟರೆ ಆಕಾಶದ ಹುಳಬಾವಲಿ ದೂರದಿಂದಲೇ ದಾಖಲಾಗುತ್ತದೆ, ಬೇಟೆಬಾವಲಿ ತೀರ ಹತ್ತಿರ ಹಾದುಹೋದರೆ ಮಾತ್ರ. ಯಂತ್ರದಲ್ಲಿ ಇಲ್ಲ ಎಂದು ಬಂದರೆ ಊರಲ್ಲಿ ಇಲ್ಲ ಎಂದು ಬರೆಯಬೇಡಿ. ಈ ಜಾತಿಗೆ ನೆಲದ ಎಂಜಲೇ ಒಳ್ಳೆಯ ಸಾಕ್ಷಿ.

ಎಂಜಲು ಓದುವುದು ಹೇಗೆ? ಹಗಲು ಮಲಗುವ ತಾಣ ಒಳಗಿನ ಕತ್ತಲಲ್ಲಿರುತ್ತದೆ: ಗರ್ಭಗುಡಿ, ಗವಿ, ಪಾಳುಬಾವಿಯ ಒಳಗೋಡೆ, ಕೋಟೆಯ ಬತೇರಿಯ ಕೆಳಗಿನ ಕೋಣೆ. ರಾತ್ರಿ ಉಣ್ಣುವ ತಾಣ ಸಾಮಾನ್ಯವಾಗಿ ಹೊರಗಡೆ, ಬೇಟೆಯ ಜಾಗಕ್ಕೆ ಹತ್ತಿರ: ಮುಖಮಂಟಪ, ಪಡಸಾಲೆಯ ಜಂತಿ, ಬಂಡೆಯ ಚಾಚು. ಒಂದೇ ಬೋದಿಗೆಗೆ ರಾತ್ರಿ ರಾತ್ರಿ ಮರಳಿ ಬರುವುದರಿಂದ ಎಂಜಲೂ ಒಂದೇ ಕಡೆ ಬೀಳುತ್ತದೆ. ಹಾಗಾಗಿ ಒಳಗೆ ನುಗ್ಗಿ ಬಾವಲಿಯನ್ನು ಎಬ್ಬಿಸದೆಯೇ ಕೆಲಸ ನಡೆಯುತ್ತದೆ.

ಬೇಕಾದದ್ದು ಇಷ್ಟು. ಬಿಚ್ಚಿ ಅಗಲ ಮಾಡಿದ ಬಿಳಿ ಗೊಬ್ಬರದ ಚೀಲ ಒಂದು, ಸೋಪು ಹಾಕಿ ಚೆನ್ನಾಗಿ ತೊಳೆದದ್ದು. ನಾಲ್ಕು ಇಟ್ಟಿಗೆ. ಚಿಮಟ. ಕಾಗದದ ಲಕೋಟೆಗಳು. ಪೆನ್ಸಿಲ್. ಎನ್-95 ಮಾಸ್ಕ್, ಕೈಗವಸು. ಹೊತ್ತು ಮುಳುಗುವ ಮುಂಚೆ ಹಳೆಯ ಎಂಜಲನ್ನೆಲ್ಲ ಆರಿಸಿ ತೆಗೆದು, ಚೀಲ ಹಾಸಿ, ನಾಲ್ಕು ಅಂಚನ್ನೂ ಇಟ್ಟಿಗೆಯ ಮೇಲೆ ಎತ್ತಿ ತೊಟ್ಟಿಯಂತೆ ಮಾಡಿ. ಸಪಾಟಾಗಿ ಹಾಸಿದರೆ ನಮ್ಮ ಕಡೆಯ ಆಷಾಢದ ಗಾಳಿಗೆ ಪತಂಗದ ರೆಕ್ಕೆಗಳು ಮೊದಲು ಹಾರಿಹೋಗುತ್ತವೆ, ಕಪ್ಪೆಕಾಲು ಉಳಿಯುತ್ತದೆ. ಆಮೇಲೆ ಲೆಕ್ಕದಲ್ಲಿ ಬಾವಲಿ ಬರೀ ಕಪ್ಪೆ ತಿಂದಂತೆ ಕಾಣುತ್ತದೆ.

ಬೆಳಗ್ಗೆ ಬಿಸಿಲೇರುವ ಮೊದಲೇ ಆರಿಸಬೇಕು. ಇಲ್ಲಿ ಎಡವುವವರೇ ಹೆಚ್ಚು. ಹತ್ತು ಗಂಟೆಗೆ ಹೋದರೆ ಮಾಂಸ ಅಂಟಿದ ತುಂಡುಗಳನ್ನು ಇರುವೆ ಎಳೆದುಕೊಂಡು ಹೋಗಿರುತ್ತದೆ. ಹಾಗೆಂದು ಸುತ್ತ ಇರುವೆ ಚಾಕ್‌ಪೀಸಿನ ಗೆರೆ ಎಳೆಯಬೇಡಿ, ಅದು ವಿಷ, ಬಾವಲಿ ತಿನ್ನುವ ಹುಳಕ್ಕೂ ತಗಲುತ್ತದೆ. ಆರಿಸಿದ್ದನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಒಂದೇ ದಿನಕ್ಕೆ ಬೆವೆತು ಕೊಳೆತು ನಾರುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಊರು, ತಾಣ, ತಾರೀಖು ಪೆನ್ಸಿಲಿನಲ್ಲಿ ಬರೆದು, ನೆರಳಲ್ಲಿ ಒಣಗಿಸಿ. ತಿಂಗಳಿಗೆ ಒಂದು ವಾರ ಸತತವಾಗಿ ಹೀಗೆ ಮಾಡಿದರೆ ವರ್ಷದ ಊಟದ ಪಟ್ಟಿ ಕೈಗೆ ಸಿಗುತ್ತದೆ. ಕಟ್ಟಡ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾಗಿದ್ದರೆ ಮೊದಲು ಲಿಖಿತ ಅನುಮತಿ.

ಎಣಿಸುವಾಗ ತುಂಡುಗಳನ್ನಲ್ಲ, ಪ್ರಾಣಿಗಳನ್ನು ಎಣಿಸಬೇಕು. ಎರಡು ಹಿಂಗಾಲಿಗೆ ಒಂದು ಕಪ್ಪೆ. ಮಿಡತೆಗೆ ನಾಲ್ಕು ರೆಕ್ಕೆ: ಮುಂದಿನ ಎರಡು ಗಡುಸು, ಹಿಂದಿನ ಎರಡು ಬೀಸಣಿಗೆಯಂತೆ ಮಡಿಸಿದ ತೆಳು ರೆಕ್ಕೆ. ಜೀರುಂಡೆಗೆ ಎರಡು ಚಿಪ್ಪು. ಎಡ ಬಲ ಬೇರೆ ಬೇರೆ ಮಾಡಿ, ಯಾವುದು ಹೆಚ್ಚೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಇಷ್ಟು ಮಾಡಿದರೂ ಲೆಕ್ಕ ವಾರೆಯೇ ಇರುತ್ತದೆ, ಯಾಕೆಂದರೆ ಮೆತ್ತನೆಯದನ್ನು ಬಾವಲಿ ಪೂರ್ತಿ ನುಂಗಿಬಿಡುತ್ತದೆ. ಜೇಡ, ಎಳೆಗಪ್ಪೆ ಕೆಳಗೆ ಬೀಳುವುದು ಅಪರೂಪ. ನೆಲದ ಪಟ್ಟಿಯಲ್ಲಿ ಇದ್ದದ್ದು ತಿಂದದ್ದು ನಿಜ, ಇಲ್ಲದ್ದು ತಿಂದಿಲ್ಲ ಎಂದಲ್ಲ.

ಒಮ್ಮೊಮ್ಮೆ ಎಂಜಲಿನಲ್ಲಿ ಬಾವಲಿಯ ರೆಕ್ಕೆಯೇ ಸಿಗುತ್ತದೆ. ಬೆರಳುಮೂಳೆ, ತೆಳು ಕಪ್ಪು ತೊಗಲು. ಗಾಬರಿ ಬೇಡ, ಬೇಟೆಬಾವಲಿ ತನಗಿಂತ ಚಿಕ್ಕ ಬಾವಲಿಗಳನ್ನೂ ಹಿಡಿದು ತಿನ್ನುತ್ತದೆ.

ಬೇರೆಯವರ ಎಂಜಲಿನೊಂದಿಗೆ ಬೆರೆಸಿಕೊಳ್ಳದಿರುವುದೂ ಮುಖ್ಯ. ಗೂಬೆ ಬೇಟೆಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮೂಳೆಗಳನ್ನು ಒತ್ತಿದ ಉಂಡೆಯಾಗಿ ಕಾರುತ್ತದೆ. ಹೆಬ್ಬೆರಳಿನಷ್ಟು ಉಂಡೆ ಒಡೆದಾಗ ಇಲಿಯ ತಲೆಬುರುಡೆ ಸಿಕ್ಕರೆ ಅದು ಗೂಬೆಯದು. ಬಾವಲಿಯ ಎಂಜಲು ಉಂಡೆ ಕಟ್ಟಿರುವುದಿಲ್ಲ, ಬಿಡಿಬಿಡಿ. ಹಣ್ಣುಬಾವಲಿಯ ಕೆಳಗೆ ಸಿಗುವುದು ರಸ ಹಿಂಡಿ ಉಗುಳಿದ ನಾರಿನ ಬಿಲ್ಲೆ, ಬೀಜ. ಹುಳಬಾವಲಿಯ ಹಿಕ್ಕೆ ಇಲಿಯ ಹಿಕ್ಕೆಯಂತೆಯೇ ಕಾಣುತ್ತದೆ, ಆದರೆ ಕಡ್ಡಿಯಿಂದ ಒತ್ತಿದರೆ ಪುಡಿಪುಡಿಯಾಗಿ ಹುಳದ ಚಿಪ್ಪಿನ ಚೂರುಗಳು ಮಿನುಗುತ್ತವೆ. ಇಲಿಯದು ಒಣಗಿದ ಮೇಲೆ ಗಟ್ಟಿ, ಮಿನುಗುವುದಿಲ್ಲ.

ಮಾಸ್ಕ್ ಯಾಕೆ ಎಂದರೆ, ಹಳೆಯ ಹಿಕ್ಕೆಯ ರಾಶಿಯಲ್ಲಿ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರ ಬೆಳೆಯಬಹುದು. ಅದರ ಕಣ ಧೂಳಿನೊಂದಿಗೆ ಮೂಗಿಗೆ ಹೋದರೆ ಶ್ವಾಸಕೋಶದ ಕಾಯಿಲೆ. ಮುಚ್ಚಿದ ಕೋಣೆಯಲ್ಲಿ ಒಣ ಹಿಕ್ಕೆಯನ್ನು ಎಂದೂ ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ, ನೆನೆದ ಮೇಲೆ ಸಲಿಕೆಯಿಂದ ಎತ್ತಬೇಕು.

ಋತುಮಾನದ ಲೆಕ್ಕ ಗೊತ್ತಿದ್ದರೆ ಯಾವಾಗ ದೂರವಿರಬೇಕೆಂದು ತಿಳಿಯುತ್ತದೆ. ಕೂಡುವುದು ಚಳಿಗಾಲದ ಶುರುವಿಗೆ, ಸುಮಾರು ಐದು ತಿಂಗಳ ಬಸಿರು, ಬೇಸಿಗೆಯ ಕೊನೆಗೆ, ಮುಂಗಾರಿನ ಹೊಸ್ತಿಲಲ್ಲಿ ಮರಿ. ವರ್ಷಕ್ಕೆ ಒಂದೇ ಸೂಲು, ಸಾಮಾನ್ಯವಾಗಿ ಒಂದೇ ಮರಿ. ತಾಯಿಗೆ ಹಾಲಿನ ಮೊಲೆ ಎದೆಯ ಮೇಲೆ. ಅದಲ್ಲದೆ ಕಿಬ್ಬೊಟ್ಟೆಯ ಕೆಳಗೆ ಹಾಲಿಲ್ಲದ ಎರಡು ಹುಸಿಮೊಲೆಗಳಿವೆ. ಮರಿ ಅವನ್ನು ಬಾಯಲ್ಲಿ ಕಚ್ಚಿಕೊಂಡು, ತಾಯಿಯ ಕುತ್ತಿಗೆಯ ಕಡೆ ಕಾಲು ಚಾಚಿ, ಅವಳ ಹೊಟ್ಟೆಗೆ ತಲೆಕೆಳಗಾಗಿ ಅಂಟಿಕೊಳ್ಳುತ್ತದೆ. ಜೋತುಬಿದ್ದ ತಾಯಿಗೆ ತಲೆಕೆಳಗಾದದ್ದು ಎಂದರೆ ಮರಿಯ ತಲೆ ಮೇಲೆ ಎಂದು ಲೆಕ್ಕ ಹಾಕಿಕೊಳ್ಳಿ. ಮೊದಮೊದಲು ಹಾರುವಾಗಲೂ ಹೀಗೇ ಹೊತ್ತೊಯ್ಯುತ್ತಾಳೆ, ಬೆಳೆದ ಮೇಲೆ ತಾಣದಲ್ಲಿ ಬಿಟ್ಟು ಹೋಗುತ್ತಾಳೆ.

ಮಳೆ ಬಿದ್ದು, ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಗಂಗಾವತಿ, ಕಾರಟಗಿ, ಸಿಂಧನೂರಿನ ಗದ್ದೆಗಳಲ್ಲಿ ಕಪ್ಪೆ ವಟಗುಟ್ಟುವ ಹೊತ್ತಿಗೆ ಬಾಣಂತಿ ಬಾವಲಿಗಳ ಹಸಿವು ಜೋರು. ಗದ್ದೆಯ ಒಡ್ಡಿನ ಮೇಲಿನ ಇಲಿಯೂ ಇದರ ಊಟದ ಪಟ್ಟಿಯಲ್ಲಿದೆ. ಹಾಗಂತ ನಾಲ್ಕು ಬಾವಲಿ ಸೇರಿ ಹೊಲದ ಇಲಿ ಮುಗಿಸುತ್ತವೆ ಎಂದು ರೈತರಿಗೆ ಮಾತು ಕೊಡುವವರನ್ನು ನಾನು ನಂಬುವುದಿಲ್ಲ. 50 ಗ್ರಾಂ ತೂಗುವ ಪ್ರಾಣಿ ಹೆಗ್ಗಣ ಹೊರಲಾರದು. ಅದಕ್ಕೆ ಎಟುಕುವುದು ಚಿಟ್ಟಿಲಿ.

ತಾಣ ನೋಡಲೇಬೇಕು ಎನ್ನುವವರು ಏಪ್ರಿಲ್‌ನಿಂದ ಜುಲೈವರೆಗೆ ಒಳಗೆ ಕಾಲಿಡಬಾರದು. ಬೇರೆ ತಿಂಗಳಲ್ಲಾದರೂ ಒಬ್ಬರೇ, ಎರಡು ನಿಮಿಷ, ಕೆಂಪು ಪಾರದರ್ಶಕ ಹಾಳೆ ಸುತ್ತಿದ ಬ್ಯಾಟರಿ, ಬೆಳಕು ಗೋಡೆಗೆ, ಬಾವಲಿಗೆ ನೇರ ಬೇಡ. ಬೇಟೆಬಾವಲಿ ತೀರ ಎಚ್ಚರದ ಪ್ರಾಣಿ. ಹಗಲಲ್ಲೂ ಹೆಜ್ಜೆಯ ಸದ್ದಿಗೆ ಕಿವಿ ತಿರುಗಿಸಿ, ಜೋತುಬಿದ್ದಲ್ಲೇ ಮೈ ತಿರುವಿ ನಿಮ್ಮನ್ನೇ ನೋಡುತ್ತದೆ. ಆ ನೋಟ ಕಂಡ ಕೂಡಲೇ ಹಿಂದೆ ಸರಿಯಿರಿ, ಮುಂದಿನ ಕ್ಷಣ ಇಡೀ ಗುಂಪು ಎದ್ದಿರುತ್ತದೆ. ಎದ್ದ ಗಡಿಬಿಡಿಯಲ್ಲಿ ಮರಿ ಕೆಳಗೆ ಬಿದ್ದರೆ ಅದರ ಕಥೆ ಮುಗಿದಂತೆಯೇ. ವರ್ಷಕ್ಕೆ ಒಂದೇ ಮರಿ ಎಂಬುದು ಇಲ್ಲಿ ನೆನಪಿರಲಿ.

ಎಣಿಕೆಗೆ ಹೊರಗೆ ಕೂರುವುದೇ ಲೇಸು. ಹೊತ್ತು ಮುಳುಗುವ ಕಾಲು ಗಂಟೆ ಮುಂಚೆ ಬಾಗಿಲಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ ಕೂತುಕೊಳ್ಳಿ, ಬಾಗಿಲಾಚೆಯ ತಿಳಿ ಆಕಾಶ ಹಿನ್ನೆಲೆಯಾಗಿರಲಿ. ಮೊದಲು ಹೊರಡುವುದು ಹುಳಬಾವಲಿಗಳು. ಅವು ಮುಗಿದವು ಎಂದು ಎದ್ದು ಬರುವುದೇ ಎಲ್ಲರೂ ಮಾಡುವ ತಪ್ಪು. ಬೇಟೆಬಾವಲಿ ಹೊರಬರುವುದು ಪೂರ್ತಿ ಕತ್ತಲಾದ ಮೇಲೆ, ಒಂದೊಂದಾಗಿ, ನೆಲಕ್ಕೆ ಹತ್ತಿರ, ಅಗಲ ರೆಕ್ಕೆ ಬೀಸಿ, ಸದ್ದಿಲ್ಲದೆ. ಕನಿಷ್ಠ ಒಂದು ಗಂಟೆ ಕೂತಿರಬೇಕು, ಕಣ್ಣು ಆಕಾಶದಿಂದ ಕೆಳಗೆ ಇಳಿದಿರಬೇಕು.

ಇನ್ನು ಕಟ್ಟಡದ ಕಥೆ. ಬಾವಲಿಯ ಉಚ್ಚೆ ಹಿಕ್ಕೆಯಿಂದ ಗಾರೆ, ಬಣ್ಣದ ಚಿತ್ರಗಳು ಹಾಳಾಗುವುದು ಸುಳ್ಳಲ್ಲ, ಸ್ಮಾರಕ ನೋಡಿಕೊಳ್ಳುವವರ ದೂರನ್ನು ತಳ್ಳಿಹಾಕಲಾಗದು. ಆದರೆ ಹೊಗೆ ಹಾಕುವುದು ಮದ್ದಲ್ಲ. ಹೊಗೆಗೆ ದೊಡ್ಡವು ಹಾರಿಹೋಗುತ್ತವೆ, ಮರಿಗಳು ಅಲ್ಲೇ ಸತ್ತು ನಾರುತ್ತವೆ, ಕಲ್ಲಿನ ಮೇಲೆ ಮಸಿ ಬೇರೆ. ಚಿತ್ರವಿಲ್ಲದ ಕೋಣೆಯಾದರೆ ತಾಣದ ಕೆಳಗೆ ಹಲಗೆಯೋ ತಗಡೋ ಇಟ್ಟು ಕಾಲಕಾಲಕ್ಕೆ ತೆಗೆದರೆ ಸಾಕು. ಬಿರುಕಿಗೆ ಗಾರೆ ತುಂಬುವುದು, ಬಾಗಿಲು ಕೂರಿಸುವುದು ಏನಿದ್ದರೂ ಸೆಪ್ಟೆಂಬರ್, ಅಕ್ಟೋಬರಿನಲ್ಲಿ: ಮರಿಗಳು ಹಾರಲು ಕಲಿತಿರುತ್ತವೆ, ಹೊಸ ಬಸಿರು ಇನ್ನೂ ಆಗಿರುವುದಿಲ್ಲ. ಹಗಲಲ್ಲಿ ಸಂದಿ ಮುಚ್ಚಿದರೆ ಒಳಗಿದ್ದವು ಒಳಗೇ ಸಾಯುತ್ತವೆ. ಮುಚ್ಚುವ ಮುಂಚೆ ಸಂಜೆ ಎಲ್ಲ ಹೊರಟದ್ದನ್ನು ಎಣಿಸಿಯೇ ಕೈ ಹಚ್ಚಬೇಕು.

ನಿಧಿಗಳ್ಳರ ಕಾಟಕ್ಕೆ ಬಾಗಿಲಿಗೆ ಜಾಲರಿ ಬಡಿಯುವುದು ಈಗ ಎಲ್ಲೆಡೆ ಕಾಣುತ್ತದೆ. ಕೋಳಿಜಾಲರಿ ಎಲ್ಲಕ್ಕಿಂತ ಕೆಟ್ಟದ್ದು, ರೆಕ್ಕೆಯ ತೊಗಲು ಸಿಕ್ಕಿ ಹರಿಯುತ್ತದೆ. ನೆಟ್ಟಗೆ ನಿಲ್ಲಿಸಿದ ಸರಳೂ ಬೇಡ, ರೆಕ್ಕೆ ಹರಡಿ ಬರುವ ಪ್ರಾಣಿಗೆ ಅಗಲದ ದಾರಿ ಬೇಕು. ಅಡ್ಡ ಸರಳು, ನಡುವೆ 15 ಸೆಂ.ಮೀ. ಅಂತರ. ಬೇಟೆಬಾವಲಿ ಬಾಯಲ್ಲಿ ಕಪ್ಪೆ ಕಚ್ಚಿಕೊಂಡು ಅಗಲ ರೆಕ್ಕೆಯಲ್ಲಿ ನುಗ್ಗುವುದರಿಂದ, ಸಾಧ್ಯವಾದ ಕಡೆ ಮೇಲಿನ ಒಂದೆರಡು ಸರಳು ಬಿಟ್ಟರೆ ಇನ್ನೂ ಒಳ್ಳೆಯದು. ಕೂರಿಸಿದ ಮೇಲೆ ಮೂರು ಸಂಜೆ ಕಾದು ನೋಡಿ. ಬಾವಲಿಗಳು ಸರಳಿನ ಮುಂದೆ ಸುತ್ತು ಹಾಕಿ ಒಳಗೇ ತಿರುಗಿದರೆ, ಸರಳಿಗೇ ಬಂದು ಜೋತುಬಿದ್ದರೆ, ಜಾಗ ಸಾಲುತ್ತಿಲ್ಲ. ವೆಲ್ಡಿಂಗಿಗಿಂತ ಬೋಲ್ಟ್ ಹಾಕಿ ಕೂರಿಸಿ ಎನ್ನುವುದು ಇದಕ್ಕೇ.

ಕಾನೂನಿನ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಪಟ್ಟಿಯಲ್ಲಿ ಕಾಗೆ, ಇಲಿಗಳ ಸಾಲಿಗೆ ಹಣ್ಣುಬಾವಲಿಗಳನ್ನೂ ಪೀಡೆ ಎಂದು ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪೀಡೆ ಪಟ್ಟಿಯೇ ಹೋಯಿತು. ಬೇಟೆಬಾವಲಿ ಆ ಪಟ್ಟಿಯಲ್ಲಿ ಮೊದಲೂ ಇರಲಿಲ್ಲ, ಆದರೂ ಬಾವಲಿ ಎಂದ ಕೂಡಲೇ ಕೊಲ್ಲಬಹುದು ಎನ್ನುವ ಭಾವನೆ ಎಲ್ಲಕ್ಕೂ ಹಬ್ಬಿಕೊಂಡಿತ್ತು.

ಹಳೆಯ ಮಾಳಿಗೆ ಮನೆಗಳಲ್ಲಿ, ಊರಂಚಿನ ಶೆಡ್ಡುಗಳಲ್ಲಿ ಇದು ಪಡಸಾಲೆಗೇ ಬರುತ್ತದೆ. ಬರುವುದು ನಿಮಗಾಗಿ ಅಲ್ಲ, ಟ್ಯೂಬ್‌ಲೈಟಿನ ಹುಳಕ್ಕೆ ಸೇರಿದ ಹಲ್ಲಿಗಾಗಿ. ಒಳಗೆ ಸಿಕ್ಕಿಕೊಂಡರೆ ಮೊದಲು ಫ್ಯಾನ್ ಆರಿಸಿ, ಆಮೇಲೆ ದೀಪ ಆರಿಸಿ, ಹೊರಗಿನ ಬಾಗಿಲು ಕಿಟಕಿ ತೆಗೆದು ಕೋಣೆ ಬಿಟ್ಟು ಹೋಗಿ. ಟವೆಲ್ ಬೀಸಬೇಡಿ, ಬರಿಗೈಯಲ್ಲಿ ಹಿಡಿಯಲೇಬೇಡಿ, ಕಪ್ಪೆಯ ತಲೆ ಒಡೆಯುವ ಕೋರೆ ಅದು. ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ‘ಏನೋ ಕಚ್ಚಿತು’ ಎನ್ನದೆ ಬಾವಲಿ ಕಚ್ಚಿತು ಎಂದೇ ಹೇಳಿ, ರೇಬಿಸ್ ಲಸಿಕೆಯ ತೀರ್ಮಾನಕ್ಕೆ ವೈದ್ಯರಿಗೆ ಅದು ಬೇಕು.

ಕಚ್ಚದೆ, ಯಾರಿಗೂ ಕಾಣದೆ ಬಂದು ಹೋಗಿದ್ದರೆ ಬೆಳಗ್ಗೆ ಕಸ ಹೊಡೆಯುವಾಗ ಕಟ್ಟೆಯ ಮೇಲೆ ಹಲ್ಲಿಯ ಬಾಲದ ತುಂಡೊಂದು ಸಿಗುತ್ತದೆ. ಗುಡಿಸುವ ಮುಂಚೆ ಅದರ ನೇರ ಮೇಲಿರುವುದು ಯಾವ ಜಂತಿ ಎಂದು ನೋಡಿಟ್ಟುಕೊಳ್ಳಿ. ಗೊಬ್ಬರದ ಚೀಲ ಹಾಸಬೇಕಾದ್ದು ಅದರ ಕೆಳಗೆ.